ಹೊನ್ನೆ ಹಲಗೆ, ಸೈಕಲ್ ಸ್ಪೋಕ್: ನಾನು ಎಂಬೀರಾ ಮಾಡಿದ್ದು

ಕಳೆದ ಮಳೆಗಾಲದ ಮೂರು ವಾರ ನಾನು ಒಂದು ಶಬ್ದವನ್ನು ಓಡಿಸೋಕೆ ಹೆಣಗಾಡಿದೆ. ಪಟ್ಟಿ ಮೀಟಿದ ಕೂಡಲೇ ಸ್ವರದ ಹಿಂದೆಯೇ ಬರುತ್ತಿದ್ದ "ಝುಂಯ್" ಅನ್ನೋ ಶಬ್ದ. ಅದನ್ನು ಹೇಳೋ ಮೊದಲು ವಾದ್ಯದ ಬಗ್ಗೆ ಸ್ವಲ್ಪ ಹೇಳಬೇಕು.

ಎಂಬೀರಾ ಜಿಂಬಾಬ್ವೆಯ ಶೋನಾ ಜನರ ವಾದ್ಯ. ಒಂದು ಮರದ ಹಲಗೆ, ಅದರ ಮೇಲೆ ಸಾಲಾಗಿ ಕಬ್ಬಿಣದ ಪಟ್ಟಿಗಳು. ಎರಡೂ ಹೆಬ್ಬೆರಳಿನಿಂದ ಪಟ್ಟಿಯನ್ನು ಕೆಳಕ್ಕೆ ಒತ್ತಿ ಬಿಡುವುದು, ಬಲಗೈಯ ತೋರುಬೆರಳಿನಿಂದ ಕೆಳಗಿನಿಂದ ಮೇಲಕ್ಕೆ ಮೀಟುವುದು. ಬಲಗೈ ಕಿರುಬೆರಳಿಗೆ ಹಲಗೆಯ ಮೂಲೆಯಲ್ಲಿ ಒಂದು ತೂತು ಇರುತ್ತದೆ, ಹಿಡಿತಕ್ಕೆ. ಈಗ ಆನ್‌ಲೈನ್‌ನಲ್ಲಿ ಸಿಗುವ ಕಲಿಂಬಾ ಇದೇ ಜಾತಿಯದು. ಹ್ಯೂ ಟ್ರೇಸಿ ಎಂಬುವರು 1950ರ ದಶಕದಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಇಂಥ ವಾದ್ಯಗಳನ್ನು ನೋಡಿಕೊಂಡು ಅದನ್ನು ರೂಪಿಸಿದರು. ಶೋನಾ ಜನರ ದೊಡ್ಡ ಎಂಬೀರಾಕ್ಕೆ 22ರಿಂದ 28 ಪಟ್ಟಿ. ಹಿರಿಯರ ಆತ್ಮಗಳನ್ನು ಕರೆಯುವ ಆಚರಣೆಯಲ್ಲಿ ರಾತ್ರಿಯಿಡೀ ಅದನ್ನು ನುಡಿಸುತ್ತಾರೆ. 2020ರಲ್ಲಿ ಯುನೆಸ್ಕೋ ಇದನ್ನು ತನ್ನ ಪಾರಂಪರಿಕ ಕಲೆಗಳ ಪಟ್ಟಿಗೆ ಸೇರಿಸಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಮರ. ಅಲ್ಲಿ ಹಲಗೆಗೆ ಮುಬ್ವಾಮರೋಪ ಅನ್ನೋ ಮರ ಬಳಸುತ್ತಾರೆ. ಕಡಿದರೆ ರಕ್ತದಂಥ ಕೆಂಪು ರಸ ಸುರಿಸುವ ಮರ. ಓದುತ್ತಿದ್ದಂತೆ ನಮ್ಮ ಹೊನ್ನೆ ನೆನಪಾಯಿತು. ಹುಡುಕಿ ನೋಡಿದರೆ ಎರಡೂ ಒಂದೇ ಕುಲದವು, ಟೆರೋಕಾರ್ಪಸ್! ಶಿರಸಿ ಹತ್ತಿರದ ನಮ್ಮ ಮನೆಯ ಅಟ್ಟದಲ್ಲಿ ಹಳೇ ಮನೆ ಕಿತ್ತಾಗ ಉಳಿದ ಹೊನ್ನೆ ಹಲಗೆ ಇತ್ತು. ಎಷ್ಟೋ ವರ್ಷ ಹೊಗೆ ಕುಡಿದು ಒಣಗಿದ್ದು. ಇನ್ನು ಸುಮ್ನೆ ಕೂರೋಕೆ ಆಗುತ್ತಾ?

ಹಲಗೆಯನ್ನು 20 ಸೆಂ.ಮೀ. ಉದ್ದ, 14 ಸೆಂ.ಮೀ. ಅಗಲಕ್ಕೆ ಕೊಯ್ದೆ. ದಪ್ಪ 2 ಸೆಂ.ಮೀ. ತೆಳು ಹಲಗೆ ಬೇಡ, ಪಟ್ಟಿಗಳ ಒತ್ತಡಕ್ಕೆ ಬಾಗುತ್ತದೆ. ಪಟ್ಟಿಗೆ ಸೈಕಲ್ ಅಂಗಡಿಯಿಂದ ಹಳೇ ಸ್ಪೋಕ್ ತಂದೆ. ಕಬ್ಬಿಣದ ತುಂಡಿನ ಮೇಲಿಟ್ಟು ಸುತ್ತಿಗೆಯಿಂದ ತಟ್ಟಿ ಚಪ್ಪಟೆ ಮಾಡಬೇಕು. ಕಾಯಿಸದೆ ತಟ್ಟಿದರೆ ಒಳ್ಳೆಯದು, ಬಡಿದಷ್ಟೂ ಗಟ್ಟಿಯಾಗುತ್ತದೆ. ತುದಿಯನ್ನು ಅರದಿಂದ ಉಜ್ಜಿ ಗುಂಡಗೆ ಮಾಡಲೇಬೇಕು. ನಾನು ಮೊದಲ ದಿನ ಅದನ್ನು ಬಿಟ್ಟೆ, ಹೆಬ್ಬೆರಳ ಉಗುರಿನ ಅಂಚು ಸೀಳಿತು. ನಾಲ್ಕು ದಿನ ಕೆಲಸ ನಿಂತಿತು.

ಪಟ್ಟಿ ಕೂರಿಸೋಕೆ ಮೂರು ಅಡ್ಡಕಡ್ಡಿ. ಹಿಂದೊಂದು, ಮುಂದೊಂದು ಪಟ್ಟಿಯ ಕೆಳಗೆ. ನಡುವಿನದು ಪಟ್ಟಿಯ ಮೇಲೆ, ಸ್ಕ್ರೂ ಹಾಕಿ ಬಿಗಿಯುವುದು. ಮುಂದಿನ ಕಡ್ಡಿಯೇ ತಂಬೂರಿಯಲ್ಲಿ ತಂತಿಯನ್ನು ಎತ್ತಿ ಹಿಡಿಯುವ ಕುದುರೆ ಇದ್ದ ಹಾಗೆ. ಅಲ್ಲಿಂದ ತುದಿಯವರೆಗಿನ ಉದ್ದವೇ ಸ್ವರ. ಪಟ್ಟಿಯನ್ನು ಒಳಗೆ ತಳ್ಳಿದರೆ ಸ್ವರ ಏರುತ್ತದೆ, ಹೊರಗೆ ಎಳೆದರೆ ಇಳಿಯುತ್ತದೆ.

ಇಲ್ಲಿ ನನ್ನ ಲೆಕ್ಕ ಒಮ್ಮೆ ತಪ್ಪಿತು. ತಂತಿಯನ್ನು ಅರ್ಧ ಮಾಡಿದರೆ ಮೇಲಿನ ಸ ಬರುತ್ತದೆ ಅಲ್ವಾ? ಪಟ್ಟಿ ಹಾಗಲ್ಲ. ಒಂದು ಕಡೆ ಮಾತ್ರ ಹಿಡಿದ ಪಟ್ಟಿಯಲ್ಲಿ ಉದ್ದ ಅರ್ಧವಾದರೆ ಕಂಪನ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಸ 10 ಸೆಂ.ಮೀ. ಇದ್ದರೆ ಮೇಲಿನ ಸ 5 ಅಲ್ಲ, ಸುಮಾರು 7. ಪ 8.2 ಹತ್ತಿರ. ದಪ್ಪ ಒಂದೇ ಇದ್ದರೆ ಮಾತ್ರ ಈ ಅಳತೆ. ಕೈಯಲ್ಲಿ ತಟ್ಟಿದ ಪಟ್ಟಿ ಹಾಗೆ ಇರಲ್ಲ, ಕೊನೆಗೆ ಕಿವಿಯೇ ಗತಿ. ನಾನು ಒಂಬತ್ತು ಪಟ್ಟಿ ಹಾಕಿ ಭೂಪ್ ರಾಗದ ಸ್ವರಗಳಿಗೆ ಕೂರಿಸಿದೆ.

ಆಗ ಶುರುವಾಯಿತು ಆ ಝುಂಯ್. ಸ್ಕ್ರೂ ಬಿಗಿ ಮಾಡಿದೆ. ಪಟ್ಟಿಯ ಅಡಿಗೆ ಬಟ್ಟೆ ಚೂರು ಇಟ್ಟೆ. ಎರಡು ಪಟ್ಟಿ ಬಿಚ್ಚಿ ಹೊಸದಾಗಿ ತಟ್ಟಿದೆ. ಶಬ್ದ ಹೋಗುವಾಗ ಸ್ವರದ ಕಸುವೂ ಹೋಗುತ್ತಿತ್ತು. ಒಂದು ಸಂಜೆ ಜಗಲಿಯಲ್ಲಿ ಕೂತು ಮೀಟುತ್ತಿದ್ದೆ. ಒಳಗಿಂದ ಆಯಿ ಕೇಳಿದಳು, "ಎಂತ ತಮಾ, ತಂಬೂರಿ ತಂದ್ಯ?"

ಅಷ್ಟು ಸಾಕಾಯಿತು. ತಂಬೂರಿಯಲ್ಲಿ ತಂತಿಯ ಕೆಳಗೆ ನೂಲು ಸರಿಸಿ ಸರಿಸಿ ನಾವು ಹುಡುಕುವುದು ಇದೇ ಝೇಂಕಾರವನ್ನು, ಜವಾರಿಯನ್ನು. ಮತ್ತೆ ಎಂಬೀರಾದ ಫೋಟೋಗಳನ್ನು ತೆಗೆದು ನೋಡಿದೆ. ಹಲಗೆಯ ಕೆಳಭಾಗದಲ್ಲಿ ತಗಡು, ಅದಕ್ಕೆ ಸಡಿಲವಾಗಿ ಕಟ್ಟಿದ ಚಿಪ್ಪು, ಬಾಟಲಿ ಮುಚ್ಚಳ. ಅಲಂಕಾರ ಅಂದುಕೊಂಡಿದ್ದೆ. ಅಲ್ಲ, ಝೇಂಕಾರ ಬರಲಿ ಅಂತಲೇ ಅದನ್ನು ಕಟ್ಟುವುದು. ಅದಿಲ್ಲದೆ ಅವರಿಗೆ ವಾದ್ಯ ಪೂರ್ತಿ ಆಗುವುದಿಲ್ಲ.

ಆದರೆ ಎಲ್ಲ ಸದ್ದನ್ನೂ ಉಳಿಸಿಕೊಳ್ಳಬಾರದು. ಒಂದೇ ಪಟ್ಟಿ ಗಿರಗಿರ ಅಂದರೆ ಅದು ದೋಷ. ಪಟ್ಟಿ ಕುದುರೆಯ ಮೇಲೆ ಸರಿಯಾಗಿ ಕೂತಿಲ್ಲ ಅಂತ ಅರ್ಥ, ಆ ಜಾಗವನ್ನು ಅರದಿಂದ ಉಜ್ಜಬೇಕು. ಎಲ್ಲ ಸ್ವರಕ್ಕೂ ಒಂದೇ ಹದದಲ್ಲಿ ಬರುವ ಝೇಂಕಾರ ಮಾತ್ರ ಬೇಕಾದ್ದು. ನಾನು ಬಟ್ಟೆ ಚೂರುಗಳನ್ನೆಲ್ಲ ತೆಗೆದೆ. ನಾಲ್ಕು ಸೋಡಾ ಬಾಟಲಿ ಮುಚ್ಚಳ ಚಪ್ಪಟೆ ಮಾಡಿ, ನಡುವೆ ತೂತು ಹಾಕಿ, ತಗಡಿಗೆ ಸಡಿಲವಾಗಿ ಪೋಣಿಸಿದೆ.

ಕೊನೆಗೆ ಬುರುಡೆ. ಶೋನಾ ಜನ ಎಂಬೀರಾವನ್ನು ದೊಡ್ಡ ಸೋರೆ ಬುರುಡೆಯೊಳಗೆ ಇಟ್ಟು, ಕೋಲು ಕೊಟ್ಟು ನಿಲ್ಲಿಸಿ ನುಡಿಸುತ್ತಾರೆ. ಅಂಟು ಹಾಕುವುದಿಲ್ಲ. ನಮ್ಮಲ್ಲಿ ಈಜು ಕಲಿಯೋಕೆ ಸೊಂಟಕ್ಕೆ ಕಟ್ಟುತ್ತಿದ್ದರಲ್ಲ, ಅಂಥದ್ದೇ ಒಣ ಬುರುಡೆ ಪಕ್ಕದ ಮನೆಯಲ್ಲಿ ಸಿಕ್ಕಿತು. ಬಾಯಿ ಅಗಲ ಕೊಯ್ದು, ಒಂದು ರಾತ್ರಿ ನೀರು ತುಂಬಿಸಿಟ್ಟು, ಬೆಳಿಗ್ಗೆ ಚಮಚದಿಂದ ಒಳಗಿನ ತಿರುಳು ಕೆರೆದೆ. ಎಂಟು ದಿನ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿತು.

ಹಲಗೆಯನ್ನು ಅದರೊಳಗೆ ಇಟ್ಟು ಮೊದಲ ಸಲ ಮೀಟಿದಾಗ ಸ್ವರ ತೊಡೆಯವರೆಗೂ ಇಳಿಯಿತು. ಆಯಿ ಬಂದು ಪಕ್ಕದಲ್ಲಿ ಕೂತು ಒಂದು ಭಜನೆ ಗುನುಗಿದಳು. ನನ್ನ ಸ ಅವಳ ದನಿಗೆ ಜಾಸ್ತಿ ಮೇಲಿತ್ತು. ಸ್ಕ್ರೂ ಸಡಿಲಿಸಿ, ಒಂಬತ್ತೂ ಪಟ್ಟಿಗಳನ್ನು ಒಂದೊಂದಾಗಿ ಕೂದಲೆಳೆಯಷ್ಟು ಹೊರಗೆ ಎಳೆದೆ. ಅವಳು ಕಾಯುತ್ತಾ ಕೂತಿದ್ದಳು.