ಹಳದಿ ಬಣ್ಣವನ್ನು ನಂಬಬೇಡಿ: ಮೆದುಳಿನ ಗಡ್ಡೆಗಾಗಿ ಕರ್ಕ್ಯುಮಿನ್ ನ್ಯಾನೋಕಣ ಮಾಡಿ ಪರೀಕ್ಷಿಸುವ ಕ್ರಮ

ನಮ್ಮ ಲ್ಯಾಬಿಗೆ ಹೊಸದಾಗಿ ಸೇರಿದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ. ಅರಿಶಿನದ ಕರ್ಕ್ಯುಮಿನ್ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ ಅಂತ ಅಷ್ಟೊಂದು ಪೇಪರ್‌ಗಳಿವೆ, ಮತ್ತೆ ಯಾಕೆ ಇನ್ನೂ ಔಷಧಿ ಆಗಿಲ್ಲ? ನಾನು ಬಾಯಲ್ಲಿ ಉತ್ತರ ಹೇಳಲು ಹೋಗುವುದಿಲ್ಲ. ಕರ್ಕ್ಯುಮಿನ್ ತುಂಬಿದ ಒಂದು ಬ್ಯಾಚ್ ನ್ಯಾನೋಕಣ (ಔಷಧಿ ಹೊರುವ, ಕಣ್ಣಿಗೆ ಕಾಣದಷ್ಟು ಸಣ್ಣ ಕಣ) ಮಾಡಿಸುತ್ತೇನೆ, ಅವರ ಕೈಯಲ್ಲೇ ಅಳತೆ ಮಾಡಿಸುತ್ತೇನೆ. ಅರ್ಧ ದಾರಿಗೆ ಬರುವಷ್ಟರಲ್ಲಿ ಅವರಿಗೇ ಗೊತ್ತಾಗಿರುತ್ತದೆ. ಆ ಕೆಲಸವನ್ನೇ ಇಲ್ಲಿ ಬರೆದಿದ್ದೇನೆ.

ಇದು ಲ್ಯಾಬಿನ ಕೆಲಸ. ಮನೆಯಲ್ಲಿ ಯಾರಿಗಾದರೂ ಮೆದುಳಿನ ಗಡ್ಡೆ ಇದ್ದರೆ, ಇದನ್ನು ಓದಿ ಕರ್ಕ್ಯುಮಿನ್ ಮಾತ್ರೆ ಶುರು ಮಾಡಬೇಡಿ. ಕೀಮೋ ನಡೆಯುವಾಗ ಏನೇ ನುಂಗುವುದಿದ್ದರೂ ಡಾಕ್ಟರಿಗೆ ಹೇಳಿಯೇ ನುಂಗಬೇಕು.

ಎದುರಿಗಿರುವುದು ಏನು

ಗ್ಲಯೋಬ್ಲಾಸ್ಟೋಮಾ ಮೆದುಳಿನ ಗಡ್ಡೆಗಳಲ್ಲೇ ಕೆಟ್ಟದ್ದು. 2005ರಲ್ಲಿ ಪ್ರಕಟವಾದ ದೊಡ್ಡ ಟ್ರಯಲ್‌ನಲ್ಲಿ ರೇಡಿಯೇಶನ್ ಜೊತೆ ಟೆಮೊಜೊಲೊಮೈಡ್ ಎಂಬ ಕೀಮೋ ಔಷಧಿ ಕೊಟ್ಟಾಗ, ರೋಗಿಗಳ ಬದುಕು ಮಧ್ಯಾಂಕದ ಲೆಕ್ಕದಲ್ಲಿ 12.1 ತಿಂಗಳಿಂದ 14.6 ತಿಂಗಳಿಗೆ ಏರಿತು. ಅಷ್ಟು ಸಿಕ್ಕಿದ್ದಕ್ಕೇ ಅದು ಎಲ್ಲೆಡೆ ಮೊದಲ ಚಿಕಿತ್ಸೆಯಾಯಿತು.

ತೊಡಕು ರಕ್ತ–ಮೆದುಳು ತಡೆಯದ್ದು. ಮೆದುಳಿನ ಸಣ್ಣ ರಕ್ತನಾಳಗಳ ಒಳಗೋಡೆಯ ಕೋಶಗಳು ಬಿಗಿಯಾಗಿ ಅಂಟಿಕೊಂಡಿರುತ್ತವೆ, ಸಂದು ಬಿಡುವುದಿಲ್ಲ. ಹೇಗೋ ಕೋಶದೊಳಗೆ ನುಗ್ಗಿದ ಔಷಧಿಯನ್ನು ಪಿ-ಗ್ಲೈಕೋಪ್ರೋಟೀನ್ ಎಂಬ ಪಂಪು ಮತ್ತೆ ರಕ್ತಕ್ಕೇ ತಳ್ಳುತ್ತದೆ. ಯೂ ಮರದ ತೊಗಟೆಯಲ್ಲಿ ಸಿಕ್ಕ ಪ್ಯಾಕ್ಲಿಟ್ಯಾಕ್ಸೆಲ್ ಸ್ತನ ಕ್ಯಾನ್ಸರಿಗೆ ಒಳ್ಳೆಯ ಔಷಧಿ. ಮೆದುಳಿಗೆ ಬಂದರೆ ಈ ಪಂಪು ಅದನ್ನು ಹೊರಗಟ್ಟುತ್ತದೆ. ಅಂದಹಾಗೆ, ಗಿಡದ ಔಷಧಿಯನ್ನು ನ್ಯಾನೋಕಣದಲ್ಲಿ ಕೊಡುವುದು ಕನಸೇನಲ್ಲ. ಆಲ್ಬುಮಿನ್ ಎಂಬ ರಕ್ತದ ಪ್ರೋಟೀನ್‌ಗೆ ಅಂಟಿಸಿದ ಪ್ಯಾಕ್ಲಿಟ್ಯಾಕ್ಸೆಲ್‌ಗೆ ಅಮೆರಿಕದಲ್ಲಿ 2005ರಲ್ಲೇ ಅನುಮತಿ ಸಿಕ್ಕಿದೆ. ಆದರೆ ಅದು ಮೆದುಳಿನ ಗಡ್ಡೆಗಲ್ಲ.

ಇನ್ನೊಂದು ವಿಷಯ ಮನಸ್ಸಿನಲ್ಲಿರಲಿ. ಗಡ್ಡೆಯ ನಡುಭಾಗದಲ್ಲಿ ಈ ತಡೆ ಹಾಳಾಗಿರುತ್ತದೆ, ನಾಳಗಳು ಸೋರುತ್ತಿರುತ್ತವೆ. ಎಂಆರ್‌ಐನಲ್ಲಿ ಗ್ಯಾಡೋಲಿನಿಯಂ (ಚಿತ್ರ ಎದ್ದು ಕಾಣಲು ಚುಚ್ಚುವ ವಸ್ತು) ಹಾಕಿದಾಗ ಬೆಳ್ಳಗೆ ಹೊಳೆಯುವುದು ಆ ಭಾಗವೇ. ಅದನ್ನು ಸರ್ಜನ್ ಹೇಗೂ ತೆಗೆಯುತ್ತಾರೆ. ಗಡ್ಡೆ ಮತ್ತೆ ಬೆಳೆಯುವುದು ಅಂಚಿನಾಚೆ, ಒಳ್ಳೆಯ ಮೆದುಳಿನೊಳಗೆ ಹರಡಿದ ಕೋಶಗಳಿಂದ. ಅಲ್ಲಿ ತಡೆ ಬಹುಪಾಲು ಗಟ್ಟಿಯಾಗಿಯೇ ಇರುತ್ತದೆ. ನಿಮ್ಮ ಕಣ ತಲುಪಬೇಕಾದದ್ದು ಅಲ್ಲಿಗೆ.

ಕಣ ಮಾಡುವುದು

ಕರ್ಕ್ಯುಮಿನ್ ಬಾಟಲಿಯ ಲೇಬಲ್ ಮೊದಲು ಓದಿ. ಸಾಮಾನ್ಯವಾಗಿ ಮಾರುವ ಪುಡಿಯಲ್ಲಿ ಕರ್ಕ್ಯುಮಿನ್ ಮುಕ್ಕಾಲು ಭಾಗದ ಆಸುಪಾಸು, ಉಳಿದದ್ದು ಅದರ ದಾಯಾದಿಗಳಾದ ಡಿಮೆಥಾಕ್ಸಿ, ಬಿಸ್‌ಡಿಮೆಥಾಕ್ಸಿ ಕರ್ಕ್ಯುಮಿನ್‌ಗಳು. ಏನು ಬಳಸಿದಿರಿ ಅಂತ ನೋಟ್‌ಬುಕ್ಕಿನಲ್ಲಿ ಬರೆಯಿರಿ.

5 ಮಿಲಿಗ್ರಾಂ ಕರ್ಕ್ಯುಮಿನ್, 50 ಮಿಲಿಗ್ರಾಂ ಪಿಎಲ್‌ಜಿಎ ಪಾಲಿಮರ್, ಎರಡನ್ನೂ 5 ಮಿಲಿಲೀಟರ್ ಅಸಿಟೋನಿನಲ್ಲಿ ಕರಗಿಸಿ. ಈ ಪಾಲಿಮರ್ ದೇಹದಲ್ಲಿ ಲ್ಯಾಕ್ಟಿಕ್ ಆಮ್ಲ, ಗ್ಲೈಕೋಲಿಕ್ ಆಮ್ಲವಾಗಿ ಒಡೆಯುತ್ತದೆ, ಅದಕ್ಕೇ ಎಲ್ಲರೂ ಇದನ್ನೇ ಆರಿಸುತ್ತಾರೆ. ಇನ್ನೊಂದು ಬೀಕರಿನಲ್ಲಿ ಶೇ. 1ರ ಪೊಲೊಕ್ಸಮರ್ 188 (ಕಣಗಳು ಒಂದಕ್ಕೊಂದು ಅಂಟದಂತೆ ಕಾಯುವ ಸೋಪಿನಂಥ ವಸ್ತು) ಬೆರೆಸಿದ ನೀರು 20 ಮಿಲಿಲೀಟರ್ ಇಟ್ಟು, ಮ್ಯಾಗ್ನೆಟಿಕ್ ಸ್ಟಿರರ್ ಮೇಲೆ ತಿರುಗಲು ಬಿಡಿ. ಬೀಕರಿಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ. ಬೆಳಕಿಗೆ ಕರ್ಕ್ಯುಮಿನ್ ಕೆಡುತ್ತದೆ.

ಈಗ ಅಸಿಟೋನ್ ದ್ರಾವಣವನ್ನು ಸಿರಿಂಜಿನಲ್ಲಿ ತೆಗೆದುಕೊಂಡು, ಸೂಜಿಯ ತುದಿಯಿಂದ ತೊಟ್ಟು ತೊಟ್ಟಾಗಿ ನೀರಿಗೆ ಬಿಡಿ. ಇಲ್ಲಿ ಆತುರ ಬೇಡ. ತೊಟ್ಟು ನೀರಿಗೆ ತಾಗಿದ ಕ್ಷಣ ಅಸಿಟೋನ್ ನೀರಿನಲ್ಲಿ ಬೆರೆತು ಹೋಗುತ್ತದೆ. ಕರಗಿ ನಿಲ್ಲಲು ಜಾಗವಿಲ್ಲದ ಪಾಲಿಮರ್ ಮುದುಡಿ ಕಣವಾಗುತ್ತದೆ, ಪಕ್ಕದಲ್ಲಿದ್ದ ಕರ್ಕ್ಯುಮಿನ್ ಅದರೊಳಗೆ ಸಿಕ್ಕಿಬೀಳುತ್ತದೆ. ನೀರು ತಿಳಿಹಳದಿ ಹಾಲಿನಂತಾಗಬೇಕು, ಬೆಳಕಿಗೆ ಹಿಡಿದರೆ ಅಂಚಿನಲ್ಲಿ ನೀಲಿ ಛಾಯೆ ಕಾಣಬೇಕು. ಗಾಜಿನ ಗೋಡೆಗೆ ಕಿತ್ತಳೆ ಬಣ್ಣದ ಚೂರುಗಳು ಅಂಟಿದ್ದರೆ, ಅದು ಕಣದೊಳಗೆ ಸೇರದೆ ಹರಳಾದ ಕರ್ಕ್ಯುಮಿನ್. ಹಾಗೇ ಫ್ಯೂಮ್ ಹುಡ್‌ನಲ್ಲಿ ಮೂರ್ನಾಲ್ಕು ಗಂಟೆ ತಿರುಗಲಿ, ಅಸಿಟೋನ್ ಹಾರಿಹೋಗಲಿ.

ಸೆಂಟ್ರಿಫ್ಯೂಜ್ ಎರಡು ಸಲ. ಮೊದಲು ನಿಧಾನ ವೇಗದಲ್ಲಿ ಐದು ನಿಮಿಷ: ಹರಳುಗಳು ತಳಕ್ಕೆ ಇಳಿಯುತ್ತವೆ, ಅವನ್ನು ಬಿಟ್ಟು ಮೇಲಿನ ಹಾಲನ್ನು ತೆಗೆದುಕೊಳ್ಳಿ. ಆಮೇಲೆ 20,000 ಜಿ (ಗುರುತ್ವದ 20,000 ಪಟ್ಟು ಬಲ) ಆಸುಪಾಸಿನಲ್ಲಿ ಅರ್ಧ ಗಂಟೆ, 4 ಡಿಗ್ರಿಯಲ್ಲಿ. ಈಗ ಕಣಗಳು ಇಳಿಯುತ್ತವೆ. ಜಾಸ್ತಿ ವೇಗ, ಜಾಸ್ತಿ ಹೊತ್ತು ಕೊಟ್ಟರೆ ಅವು ಒತ್ತಿಕೊಂಡು ಮತ್ತೆ ಬಿಡಿಸಿಕೊಳ್ಳುವುದೇ ಇಲ್ಲ. ನೀರಿನಲ್ಲಿ ತೊಳೆದು, ಶೇ. 5ರ ಟ್ರೆಹಲೋಸ್ ಸೇರಿಸಿ ಫ್ರೀಜ್ ಡ್ರೈ ಮಾಡಿ. ಆ ಸಕ್ಕರೆ ಇಲ್ಲದೆ ಒಣಗಿಸಿದರೆ ಕಣಗಳು ಗಂಟಾಗುತ್ತವೆ. ಒಣಗಿದ ಪುಡಿಯ ತೂಕದಲ್ಲಿ ಟ್ರೆಹಲೋಸಿನ ತೂಕವೂ ಸೇರಿರುತ್ತದೆ, ಲೆಕ್ಕ ಹಾಕುವಾಗ ಕಳೆಯಿರಿ.

ಇದರ ಜೊತೆಗೇ, ಅದೇ ದಿನ, ಕರ್ಕ್ಯುಮಿನ್ ಹಾಕದ ಖಾಲಿ ಕಣಗಳ ಬ್ಯಾಚನ್ನೂ ಮಾಡಿ. ಇಲ್ಲದಿದ್ದರೆ ಮುಂದಿನ ಯಾವ ಫಲಿತಾಂಶಕ್ಕೂ ಅರ್ಥವಿಲ್ಲ.

ಎಷ್ಟು ಒಳಗಿದೆ?

ಹಳದಿ ಪುಡಿ ಕೈಗೆ ಬಂದ ಕೂಡಲೇ ಎಲ್ಲರಿಗೂ ಖುಷಿ. ನನಗೆ ಅನುಮಾನ ಶುರುವಾಗುವುದು ಅಲ್ಲಿಂದಲೇ.

ಗಾತ್ರ ಮೊದಲು. ಚದುರುವ ಬೆಳಕಿನಿಂದ ಕಣದ ಗಾತ್ರ ಹೇಳುವ ಡಿಎಲ್‌ಎಸ್ ಯಂತ್ರದಲ್ಲಿ ಚೆನ್ನಾಗಿ ತೆಳು ಮಾಡಿ ಅಳೆಯಿರಿ. 100ರಿಂದ 200 ನ್ಯಾನೋಮೀಟರ್ ಒಳಗೆ, ಪಿಡಿಐ (ಗಾತ್ರಗಳು ಎಷ್ಟು ಏರುಪೇರಾಗಿವೆ ಅನ್ನುವ ಸಂಖ್ಯೆ) 0.2ಕ್ಕಿಂತ ಕಡಿಮೆ ಇದ್ದರೆ ಮುಂದುವರಿಯಬಹುದು. ಆಮೇಲೆ ಅದೇ ಕಣಗಳನ್ನು ಸೀರಮ್ ಬೆರೆಸಿದ ನೀರಿನಲ್ಲಿ ಇಟ್ಟು ಮತ್ತೆ ಅಳೆಯಿರಿ. ರಕ್ತಕ್ಕೆ ಹೋದ ಕಣದ ಮೇಲೆ ಪ್ರೋಟೀನ್‌ಗಳು ಮುತ್ತಿಕೊಳ್ಳುತ್ತವೆ. ಶುದ್ಧ ನೀರಿನಲ್ಲಿ ಚೆಂದ ಕಂಡದ್ದು ಸೀರಮ್‌ನಲ್ಲಿ ಗಂಟಾಗಿದ್ದರೆ ಏನು ಪ್ರಯೋಜನ, ಅಲ್ವಾ?

ಇನ್ನು ಔಷಧಿಯ ಲೆಕ್ಕ. ಸೆಂಟ್ರಿಫ್ಯೂಜ್ ಆದ ಮೇಲಿನ ನೀರಿನಲ್ಲಿ ಕರ್ಕ್ಯುಮಿನ್ ಎಷ್ಟು ಉಳಿದಿದೆ ಅಂತ ನೋಡಿ, ಹಾಕಿದ್ದರಿಂದ ಕಳೆದುಬಿಡುವುದು ಸುಲಭದ ದಾರಿ. ಕರ್ಕ್ಯುಮಿನ್ ವಿಷಯದಲ್ಲಿ ಅದು ಮೋಸದ ದಾರಿ. ಅದು ನೀರಿನಲ್ಲಿ ಕರಗುವುದೇ ಇಲ್ಲ, ಹೊರಗುಳಿದದ್ದೂ ಹರಳಾಗಿ ತಳಕ್ಕೇ ಇಳಿಯುತ್ತದೆ. ಮೇಲಿನ ನೀರು ತಿಳಿಯಾಗಿ ಕಾಣುತ್ತದೆ, ಶೇ. 98 ಒಳಗೆ ಹೋಯಿತು ಅಂತ ಬರೆದುಬಿಡುತ್ತಾರೆ. ಹಾಗೆ ಮಾಡದೆ, ತೂಕ ಮಾಡಿದ ಪುಡಿಯನ್ನು ಅಸಿಟೊನೈಟ್ರೈಲ್ ಅಥವಾ ಡಿಎಂಎಸ್‌ಒನಲ್ಲಿ ಪೂರ್ತಿ ಕರಗಿಸಿ, 425 ನ್ಯಾನೋಮೀಟರ್ ಆಸುಪಾಸಿನ ಬೆಳಕನ್ನು ಎಷ್ಟು ಹೀರುತ್ತದೆ ಅಂತ ಓದಿ. ಗೊತ್ತಿರುವ ಪ್ರಮಾಣಗಳನ್ನು ಓದಿ ಎಳೆಯುವ ಕ್ಯಾಲಿಬ್ರೇಶನ್ ಗೆರೆಯೂ ಅದೇ ದ್ರಾವಕದಲ್ಲಿರಲಿ.

ಬರೆಯಬೇಕಾದ್ದು ಎರಡು ಸಂಖ್ಯೆ. ಹಾಕಿದ 5 ಮಿಲಿಗ್ರಾಂನಲ್ಲಿ 4 ಒಳಗೆ ಹೋಗಿದ್ದರೆ, ಸೆರೆ ಸಿಕ್ಕಿದ್ದು ಶೇ. 80. ಕೇಳಲು ಚೆಂದ. ಆದರೆ ಪಾಲಿಮರ್ ಒಂದಿಷ್ಟೂ ನಷ್ಟವಾಗಿಲ್ಲ ಅಂದುಕೊಂಡರೂ, ಕಣದ ಒಟ್ಟು ತೂಕ 54ರಲ್ಲಿ ಔಷಧಿ ಶೇ. 7.4 ಮಾತ್ರ. ಅಂದರೆ 10 ಮಿಲಿಗ್ರಾಂ ಕರ್ಕ್ಯುಮಿನ್ ಕೊಡಲು 135 ಮಿಲಿಗ್ರಾಂ ಕಣ ಚುಚ್ಚಬೇಕು. ಪೇಪರ್‌ಗಳ ಸಾರಾಂಶದಲ್ಲಿ ಮೊದಲನೆಯದು ದಪ್ಪಗೆ ಕಾಣುತ್ತದೆ, ಎರಡನೆಯದನ್ನು ಹುಡುಕಬೇಕಾಗುತ್ತದೆ.

ಸೋರುವುದೋ, ಕೆಡುವುದೋ

ಕಣಗಳನ್ನು ಡಯಾಲಿಸಿಸ್ ಚೀಲದಲ್ಲಿ (ಕಣವನ್ನು ಒಳಗೇ ಹಿಡಿದು, ಕರಗಿದ ಔಷಧಿಯನ್ನು ಹೊರಬಿಡುವ ಚೀಲ) ಕಟ್ಟಿ, 37 ಡಿಗ್ರಿಯ ಪಿಎಚ್ 7.4 ಬಫರಿನಲ್ಲಿ ಮುಳುಗಿಸಿ, ಗಂಟೆಗಂಟೆಗೆ ಹೊರಗಿನ ದ್ರವ ತೆಗೆದು ಓದುತ್ತೇವೆ. ಬಫರಿಗೆ ಶೇ. 0.5ರಷ್ಟು ಟ್ವೀನ್ 80 (ಸೋಪಿನಂತೆ ಕರಗಲು ನೆರವಾಗುವ ವಸ್ತು) ಹಾಕಿ. ಇಲ್ಲದಿದ್ದರೆ ಹೊರಬಂದ ಕರ್ಕ್ಯುಮಿನ್ ಕರಗಲು ಜಾಗವಿಲ್ಲದೆ ಚೀಲದಲ್ಲೇ ಕೂರುತ್ತದೆ, ನೀವು ಅದನ್ನು "ನಿಧಾನ ಬಿಡುಗಡೆ" ಅಂತ ಕರೆಯುತ್ತೀರಿ.

ದೊಡ್ಡ ಬಲೆ ಇನ್ನೊಂದಿದೆ. ಸೀರಮ್ ಇಲ್ಲದ ಬಫರಿನಲ್ಲಿ, ದೇಹದ ಪಿಎಚ್‌ನಲ್ಲಿ, ಕರ್ಕ್ಯುಮಿನ್ ಬಹುಪಾಲು ಅರ್ಧ ಗಂಟೆಯೊಳಗೆ ಒಡೆದು ಹೋಗುತ್ತದೆ. ಒಡೆದಾಗ ಹಳದಿ ಬಣ್ಣವೂ ಹೋಗುತ್ತದೆ. ನಿಮ್ಮ ಗ್ರಾಫ್ ಶೇ. 40ಕ್ಕೆ ನಿಂತುಬಿಟ್ಟರೆ, ಉಳಿದ 60 ಕಣದಲ್ಲಿ ಇದೆಯೋ, ಹೊರಬಂದು ಸತ್ತಿದೆಯೋ? ಗ್ರಾಫ್ ಹೇಳುವುದಿಲ್ಲ. ಅದಕ್ಕೆ ಪಕ್ಕದಲ್ಲೇ ಬರೀ ಕರ್ಕ್ಯುಮಿನ್ ಅದೇ ಬಫರಿನಲ್ಲಿ ಎಷ್ಟು ಹೊತ್ತು ಉಳಿಯುತ್ತದೆ ಅಂತ ಅಳೆಯಿರಿ. ಕೊನೆಗೆ ಚೀಲ ಬಿಚ್ಚಿ ಒಳಗಿರುವುದನ್ನೂ ಕರಗಿಸಿ ಎಣಿಸಿ. ಹೊರಗಿನದು, ಒಳಗಿನದು ಕೂಡಿಸಿದರೆ ನೂರರ ಹತ್ತಿರ ಬರಬೇಕು. ಬರದಿದ್ದರೆ ವ್ಯತ್ಯಾಸ ಕೆಟ್ಟುಹೋದ ಪಾಲು.

ಕೋಶಗಳ ಮೇಲೆ

ಎಲ್ಲರೂ ಯು87 ಗ್ಲಯೋಮಾ ಕೋಶಗಳನ್ನು ಹಿಡಿಯುತ್ತಾರೆ. 2016ರಲ್ಲಿ ಡಿಎನ್‌ಎ ಹೋಲಿಸಿ ನೋಡಿದಾಗ, ಜಗತ್ತಿನಾದ್ಯಂತ ಹಂಚಿಹೋಗಿರುವ ಯು87 ಮೂಲ ರೋಗಿಯದ್ದಲ್ಲ ಅಂತ ಗೊತ್ತಾಯಿತು. ಅದು ಮೆದುಳಿನ ಗಡ್ಡೆಯ ಕೋಶವೇ ಇರಬಹುದು, ಆದರೆ ಯಾರದೋ ಏನೋ. ಅದೊಂದನ್ನೇ ನೆಚ್ಚಬೇಡಿ, ರೋಗಿಯ ಗಡ್ಡೆಯಿಂದ ನೇರವಾಗಿ ಬೆಳೆಸಿದ ಕೋಶಗಳೂ ಇರಲಿ.

ಗುಂಪುಗಳು: ಏನೂ ಹಾಕದ್ದು, ಖಾಲಿ ಕಣ, ಬರೀ ಕರ್ಕ್ಯುಮಿನ್, ತುಂಬಿದ ಕಣ, ಟೆಮೊಜೊಲೊಮೈಡ್. ಎಷ್ಟು ಕೋಶ ಬದುಕಿವೆ ಅಂತ ಹೇಳುವ ಎಂಟಿಟಿ ಪರೀಕ್ಷೆಯೂ ಬಣ್ಣ ಓದುವ ಪರೀಕ್ಷೆ, ಕರ್ಕ್ಯುಮಿನ್ನೂ ಬಣ್ಣದ ವಸ್ತು. ಕೋಶವಿಲ್ಲದ ಗುಳಿಗಳಲ್ಲಿ ಬರೀ ಕರ್ಕ್ಯುಮಿನ್ ಹಾಕಿ ಓದಿ, ಎಷ್ಟು ಸುಳ್ಳು ಸೇರುತ್ತಿದೆ ನೋಡಿಕೊಳ್ಳಿ. ಬದುಕಿದ ಕೋಶಗಳು ಬೆಳೆದು ಕಟ್ಟುವ ಗುಂಪುಗಳನ್ನು, ಅಂದರೆ ಕಾಲೊನಿಗಳನ್ನು ಎಣಿಸುವ ಪರೀಕ್ಷೆಯನ್ನೂ ಮಾಡಿ. ಅದು ನಿಧಾನ, ಆದರೆ ನಾನು ನಂಬುವುದು ಅದನ್ನು.

ತಟ್ಟೆಯಲ್ಲಿ ಬರೀ ಕರ್ಕ್ಯುಮಿನ್ ನಿಮ್ಮ ಕಣಕ್ಕಿಂತ ಚೆನ್ನಾಗಿ ಕೊಂದರೆ ಗಾಬರಿ ಬೇಡ. ತಟ್ಟೆಯಲ್ಲಿ ದಾಟಬೇಕಾದ ತಡೆ ಇಲ್ಲವಲ್ಲ. ನೋಡಬೇಕಾದ್ದು ಪ್ರಮಾಣ. ಕೋಶ ಸಾಯಲು ಸಾಮಾನ್ಯವಾಗಿ ಹತ್ತಾರು ಮೈಕ್ರೋಮೋಲಾರ್ (ಸಾಂದ್ರತೆಯ ಅಳತೆ) ಬೇಕಾಗುತ್ತದೆ. ಗ್ರಾಂಗಟ್ಟಲೆ ಪುಡಿ ನುಂಗಿದವರ ರಕ್ತದಲ್ಲಿ 2 ಮೈಕ್ರೋಮೋಲಾರ್ ಸಿಗುವುದೂ ಕಷ್ಟ. ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಹೆಚ್ಚಿನವರಿಗೆ ಈ ಹಂತದಲ್ಲೇ ಹೊಳೆಯುತ್ತದೆ.

ತಡೆ ದಾಟಿಸುವುದು

ಕಣ ಸಣ್ಣದು ಅನ್ನುವ ಕಾರಣಕ್ಕೇ ಸುಮ್ನೆ ದಾಟುವುದಿಲ್ಲ. ಒಂದು ಉಪಾಯ ಹಳೆಯದು: ಪಾಲಿಸಾರ್ಬೇಟ್ 80 (ಮೇಲೆ ಹೇಳಿದ ಟ್ವೀನ್ 80ರ ಇನ್ನೊಂದು ಹೆಸರು) ಲೇಪ. ರಕ್ತದಲ್ಲಿ ಕೊಬ್ಬು ಸಾಗಿಸುವ ಅಪೊಲಿಪೊಪ್ರೋಟೀನ್ ಇ ಈ ಲೇಪಕ್ಕೆ ಅಂಟುತ್ತದೆ, ನಾಳದ ಕೋಶ ಅದನ್ನು ಕೊಬ್ಬಿನ ಕಣವೆಂದುಕೊಂಡು ಒಳಗೆಳೆದುಕೊಳ್ಳುತ್ತದೆ. ಇನ್ನೊಂದು, ನಾಳದ ಕೋಶದ ಮೇಲಿರುವ, ಕಬ್ಬಿಣ ಒಳಗೆ ತರುವ ಟ್ರಾನ್ಸ್‌ಫೆರಿನ್ ರಿಸೆಪ್ಟರಿಗೆ ಅಂಟುವ ಪ್ರತಿಕಾಯ ಕೂರಿಸುವುದು. ಇಲ್ಲಿ ಬಿಗಿಯಾಗಿ ಅಂಟಿದಷ್ಟೂ ಒಳ್ಳೆಯದು ಅಂದುಕೊಳ್ಳಬೇಡಿ. ಬಹಳ ಬಿಗಿಯಾದರೆ ನಾಳದ ಕೋಶದಲ್ಲೇ ಸಿಕ್ಕಿಕೊಂಡು ಆಚೆ ಬಿಡುಗಡೆ ಆಗುವುದಿಲ್ಲ.

ಟ್ರಾನ್ಸ್‌ವೆಲ್‌ನಲ್ಲಿ (ತೂತುಳ್ಳ ಪೊರೆಯ ಮೇಲೆ ನಾಳದ ಕೋಶ ಬೆಳೆಸಿದ ಬಟ್ಟಲು) ಪರೀಕ್ಷಿಸುವಾಗ ತಡೆ ಬಿಗಿಯಾಗಿದೆಯೇ ಅಂತ ನೋಡಲು ಸೋಡಿಯಂ ಫ್ಲೋರೆಸೀನ್ ಹಾಕುವುದು ರೂಢಿ. ಅದು ಹಸಿರು ಬೆಳಕು ಕೊಡುತ್ತದೆ, ಕರ್ಕ್ಯುಮಿನ್ನೂ ಹೆಚ್ಚುಕಡಿಮೆ ಅಲ್ಲೇ ಹೊಳೆಯುತ್ತದೆ. ಯಾವುದು ದಾಟಿತು ಅಂತ ಹೇಳಲಾಗದು. ಕೆಂಪು ಬಣ್ಣದ ಡೆಕ್ಸ್‌ಟ್ರಾನ್ (ಸಕ್ಕರೆಯ ಉದ್ದ ಸರಪಳಿ) ಬಳಸಿ. ಕೋಶವಿಲ್ಲದ ಬರೀ ಪೊರೆಯ ಮೇಲೂ ಕಣ ಹಾಕಿ ನೋಡಿ. ಪೊರೆಯ ತೂತಿನಲ್ಲೇ ಕಣ ಸಿಕ್ಕಿಬಿದ್ದಿರುವುದುಂಟು.

ಪ್ರಾಣಿಯಲ್ಲಿ ಅಳೆಯುವಾಗ

ನೈತಿಕ ಸಮಿತಿಯ ಅನುಮತಿ ಇಲ್ಲದೆ ಈ ಹಂತ ಮುಟ್ಟುವಂತಿಲ್ಲ. ನಿರೀಕ್ಷೆ ಕಡಿಮೆ ಇರಲಿ. ಹತ್ತು ವರ್ಷಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ 2016ರಲ್ಲಿ ಮಾಡಿದ ವಿಶ್ಲೇಷಣೆಯಲ್ಲಿ, ಚುಚ್ಚಿದ ನ್ಯಾನೋಕಣಗಳಲ್ಲಿ ಗಡ್ಡೆ ತಲುಪಿದ್ದು ಮಧ್ಯಾಂಕದ ಲೆಕ್ಕದಲ್ಲಿ ಶೇ. 0.7. ಬಹಳಷ್ಟು ಹೋಗುವುದು ಯಕೃತ್ತಿಗೆ, ಗುಲ್ಮಕ್ಕೆ.

ಮೆದುಳು ತೆಗೆಯುವ ಮುನ್ನ ಹೃದಯದ ಮೂಲಕ ಸಲೈನ್ ಹರಿಸಿ ರಕ್ತ ತೊಳೆಯಿರಿ. ಇಲ್ಲದಿದ್ದರೆ ನಾಳದೊಳಗೇ ಇರುವ ಕಣವನ್ನು ಮೆದುಳಿನ ಲೆಕ್ಕಕ್ಕೆ ಸೇರಿಸುತ್ತೀರಿ. ಗೋಡೆಗೆ ಅಂಟಿದ್ದು ತೊಳೆದರೂ ಹೋಗುವುದಿಲ್ಲ, ಅದಕ್ಕೆ ಡೆಕ್ಸ್‌ಟ್ರಾನ್‌ನಲ್ಲಿ ಸೆಂಟ್ರಿಫ್ಯೂಜ್ ಮಾಡಿ ನಾಳಗಳನ್ನು ಬೇರ್ಪಡಿಸಬೇಕು. ಹೊಳೆಯುವ ಚಿತ್ರಗಳ ಮೇಲೆ ತೀರ್ಪು ಕೊಡಬೇಡಿ, ವಸ್ತುಗಳನ್ನು ಬೇರ್ಪಡಿಸಿ ಅಣುವಿನ ತೂಕದಿಂದ ಗುರುತಿಸುವ ಎಲ್‌ಸಿ-ಎಂಎಸ್‌ ಯಂತ್ರದಲ್ಲಿ ಔಷಧಿಯನ್ನೇ ಅಳೆಯಿರಿ.

ಮೆದುಳನ್ನು ಮೂರು ಭಾಗ ಮಾಡಿ ಬೇರೆ ಬೇರೆ ಟ್ಯೂಬಿಗೆ ಹಾಕಿ: ಗಡ್ಡೆಯ ನಡುಭಾಗ, ಅಂಚಿನಾಚೆಯ ಭಾಗ, ಎದುರು ಬದಿಯ ಒಳ್ಳೆಯ ಮೆದುಳು. ಮೂರನ್ನೂ ಒಂದು ಗ್ರಾಂಗೆ ಎಷ್ಟು ನ್ಯಾನೋಗ್ರಾಂ ಅಂತ ಬರೆಯಿರಿ, ಪಕ್ಕದಲ್ಲಿ ಬರೀ ಕರ್ಕ್ಯುಮಿನ್ ಕೊಟ್ಟ ಪ್ರಾಣಿಗಳ ಸಂಖ್ಯೆ ಇರಲಿ. ನಡುಭಾಗದ್ದು ಮಾತ್ರ ಹೆಚ್ಚಿದ್ದು, ಅಂಚಿನಾಚೆಯದು ಬರೀ ಕರ್ಕ್ಯುಮಿನ್‌ನಷ್ಟೇ ಇದ್ದರೆ, ಕಣ ತಡೆ ದಾಟಿಲ್ಲ, ಸೋರುವ ಜಾಗದಲ್ಲಿ ಸೋರಿದೆ. ಆಗ ಔಷಧಿ ಬದಲಿಸಲು ಹೋಗಬೇಡಿ, ಲೇಪ ಬದಲಿಸಿ.