ಲಯನ್ ಫಿಶ್ ಸಾಕ್ಬೇಕು ಅಂತಿದ್ರೆ

ಲಯನ್ ಫಿಶ್ ಅಂದ್ರೆ ವಿಷದ ಮುಳ್ಳಿರೋ ಸಮುದ್ರದ ಮೀನು. ಅಂಗಡೀಲಿ ಬೆರಳುದ್ದ ಇರೋ ಮರಿ ನೋಡಿ ಎರಡಡಿ ಟ್ಯಾಂಕ್ ಸಾಕು ಅನ್ಕೋಬೇಡಿ. ವೊಲಿಟಾನ್ಸ್ ಅಂತ ಮಾರೋ ಲಯನ್ ಫಿಶ್ ಒಂದಡಿ ದಾಟಿ ಬೆಳೆಯುತ್ತೆ, ರೆಕ್ಕೆ ಬಿಚ್ಚಿ ತಿರುಗೋಕೂ ಜಾಗ ಬೇಕಲ್ವಾ, ಅದಕ್ಕೆ 5×2×2 ಅಡಿ ಟ್ಯಾಂಕ್ ಇಟ್ಕೊಳ್ಳಿ. ಅದ್ರಲ್ಲಿ ಸುಮಾರು 560 ಲೀಟರ್ ನೀರು, ಗಾಜು ಕಲ್ಲು ಸ್ಟ್ಯಾಂಡ್ ಎಲ್ಲಾ ಸೇರಿ 700 ಕೆಜಿ ಮೇಲೆ, ಹಾಗಾಗಿ ಅಪಾರ್ಟ್‌ಮೆಂಟ್‌ನವ್ರು ಇಂಜಿನಿಯರ್ ಹತ್ರ ಕೇಳದೆ ಇಡ್ಬೇಡಿ. ಅಷ್ಟು ಜಾಗ ಇಲ್ವಾ, ಫಜಿ ಡ್ವಾರ್ಫ್ ಅನ್ನೋ ಚಿಕ್ಕ ಜಾತಿ ಲಯನ್ ಫಿಶ್ ತಗೊಳ್ಳಿ, ಅರ್ಧ ಅಡಿಯಷ್ಟೇ ಬೆಳೆಯುತ್ತೆ, ನನ್ ಕೇಳಿದ್ರೆ ಮನೆಗೆ ಅದೇ ವಾಸಿ.

ನೀರಿಗೆ ಬೋರ್‌ವೆಲ್ ನೀರು ಬೇಡ, ಆರ್‌ಓ ಡಿಐ ಫಿಲ್ಟರ್‌ನಲ್ಲಿ ಲವಣ ಎಲ್ಲಾ ತೆಗೆದ ಶುದ್ಧ ನೀರು ಹಿಡೀರಿ. ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಮೊದಲ ಸಲಕ್ಕೇ 20 ಕೆಜಿ ಹತ್ರ ಮರೀನ್ ಸಾಲ್ಟ್ ಬೇಕು, ಅಡುಗೆ ಉಪ್ಪು ಹಾಕೋಕೆ ಹೋಗ್ಬೇಡಿ ಮತ್ತೆ. ಉಪ್ಪಿನಂಶ ಅಳೆಯೋ ಸ್ಪೆಸಿಫಿಕ್ ಗ್ರಾವಿಟಿ 1.025 ಇರ್ಲಿ, ಬಿಸಿ 25-26 ಡಿಗ್ರಿ. ಮೀನು ತರೋಕೆ ಮುಂಚೆ ಟ್ಯಾಂಕ್ ಸೈಕಲ್ ಆಗಿರ್ಬೇಕು, ಅಂದ್ರೆ ಮೀನಿನ ಗಲೀಜಿಂದ ಬರೋ ಅಮೋನಿಯಾನ ಕರಗಿಸೋ ಬ್ಯಾಕ್ಟೀರಿಯಾ ಬೆಳೆದಿರ್ಬೇಕು, ತಿಂಗಳು ಒಂದೂವರೆ ತಿಂಗಳು ಹಿಡಿಯುತ್ತೆ, ಅಮೋನಿಯಾ ನೈಟ್ರೈಟ್ ಎರಡೂ ಸೊನ್ನೆ ಬಂದ್ಮೇಲೇ ಅಂಗಡಿ ಕಡೆ ಹೋಗಿ. ಮಾಂಸ ತಿನ್ನೋ ಮೀನು, ಗಲೀಜು ಜಾಸ್ತಿ, ಗಲೀಜನ್ನ ನೊರೆ ಮಾಡಿ ಹೊರಗೆ ತೆಗೆಯೋ ದೊಡ್ಡ ಪ್ರೋಟೀನ್ ಸ್ಕಿಮ್ಮರ್ ಇಲ್ದೆ ಆಗಲ್ಲ. ಕರೆಂಟ್ ಹೋದ್ರೆ ಓಡೋಕೆ ಬ್ಯಾಟರಿ ಏರ್ ಪಂಪ್ ಒಂದಿರ್ಲಿ.

ಅಸಲಿ ಕೆಲ್ಸ ಊಟದ್ದು. ಹೊಸ ಮೀನು ಅಲ್ಲಾಡದೇ ಇರೋದನ್ನ ಊಟ ಅಂತಾನೇ ಒಪ್ಪಲ್ಲ. ಜೀವಂತ ಗೋಲ್ಡ್ ಫಿಶ್ ಹಾಕಿ ಅಂತ ಅಂಗಡಿಯವ್ರು ಹೇಳ್ತಾರೆ, ಬೇಡ, ಅದ್ರಲ್ಲಿರೋ ಥಯಮಿನೇಸ್ ಅನ್ನೋ ಕಿಣ್ವ ವಿಟಮಿನ್ ಬಿ1 ನ ಹಾಳು ಮಾಡುತ್ತೆ, ಲಿವರ್‌ಗೂ ಕೊಬ್ಬು ತುಂಬ್ಕೊಳುತ್ತೆ. ಮೊದ್ಲು ಸಣ್ಣ ಜೀವಂತ ಸೀಗಡಿ ಕೊಟ್ಟು ಹಸಿವು ಎಬ್ಸಿ. ಆಮೇಲೆ ಹಸಿ ಸೀಗಡಿ ತುಂಡನ್ನ ಉದ್ದ ಕಡ್ಡಿ ತುದೀಗೆ ಸಿಕ್ಕಿಸಿ, ಮೀನಿನ ಮೂತಿ ಮುಂದೆ ಒಂದು ಗೇಣು ದೂರದಲ್ಲಿ ಈಜ್ತಿರೋ ಥರ ಮೆಲ್ಲಗೆ ಎಳೀರಿ. ಎರಡೂ ರೆಕ್ಕೆ ಬೀಸಣಿಗೆ ಥರ ಅಗಲಿಸಿ ನಿಧಾನಕ್ಕೆ ಹತ್ರ ಬರುತ್ತೆ, ಒಂದು ಕ್ಷಣ ಹಾಗೇ ನಿಲ್ಲುತ್ತೆ, ಆಮೇಲೆ ಬಾಯಿ ತೆಗ್ದಿದ್ದೇ ಕಾಣ್ಸಲ್ಲ, ತುಂಡು ಮಾಯ. ಒಂದೆರಡು ದಿನ ತಿನ್ಲಿಲ್ಲ ಅಂತ ಹೆದ್ರಬೇಡಿ, ಹಸಿವೇ ದಾರಿಗೆ ತರುತ್ತೆ. ರೂಢಿ ಆದ್ಮೇಲೆ ಬೊಂಡಾಸು (ಸ್ಕ್ವಿಡ್), ಕಾಣೆ ಮೀನು ಹೀಗೆ ಬದಲಾಯಿಸ್ತಿರಿ, ಬರೀ ಸೀಗಡಿ ಬೇಡ, ವಿಟಮಿನ್ ಹನಿ ಹಾಕಿ ನೆನೆಸಿ ಕೊಟ್ರೆ ಒಳ್ಳೇದು. ದೊಡ್ಡದಕ್ಕೆ ವಾರಕ್ಕೆ ಎರಡು ಮೂರು ಸಲ ಸಾಕು, ಅದು ಬೇಡ್ತಾನೇ ಇರುತ್ತೆ, ಕರಗ್ಬೇಡಿ.

ಜೊತೆಗೆ ಯಾರು ಅಂದ್ರೆ, ಬಾಯಿಗೆ ಹಿಡಿಸೋ ಯಾವ ಮೀನೂ ಬೇಡ, ಡಾಮ್ಸೆಲ್, ಕ್ಲೌನ್ ಥರ ಸಣ್ಣ ಮೀನೆಲ್ಲಾ ಊಟಾನೇ. ಟ್ರಿಗರ್, ಪಫರ್ ಮೀನು ಇದ್ರೆ ಇದರ ರೆಕ್ಕೆ ಕಿತ್ತು ಹಾಕ್ತಾವೆ. ದೊಡ್ಡ ಟ್ಯಾಂಗ್ ಮೀನು ಪರವಾಗಿಲ್ಲ. ಅಂದ ಕಾಣ್ಲಿ ಅಂತ ಸಮುದ್ರದಿಂದ ಕಿತ್ತು ತಂದ ಹವಳ ಕೊಳ್ಳೋಕೆ ಹೋಗ್ಬೇಡಿ, ನಮ್ ದೇಶದಲ್ಲಿ ಗಟ್ಟಿ ಹವಳಕ್ಕೆಲ್ಲ ವನ್ಯಜೀವಿ ಕಾಯ್ದೆ ರಕ್ಷಣೆ ಇದೆ. ಬೇಡ ಅನ್ಸಿದಾಗ ಮೀನನ್ನ ಸಮುದ್ರಕ್ಕೆ ಬಿಡೋದೂ ತಪ್ಪು, ಲಯನ್ ಫಿಶ್ ಅಮೆರಿಕದ ಫ್ಲೋರಿಡಾ ಕಡೆ 1985ರಲ್ಲಿ ಮೊದ್ಲು ಕಾಣಿಸ್ಕೊಂಡು ಈಗ ಕೆರಿಬಿಯನ್ ತುಂಬ ಹಬ್ಬಿದೆ, ಅಕ್ವೇರಿಯಂನಿಂದ ಹೋಗಿರೋದೇ ಅಂತಾರೆ. ತಗೊಳ್ಳೋವಾಗ್ಲೇ ವಾಪಸ್ ತಗೊಳ್ತೀರಾ ಅಂತ ಅಂಗಡಿಯವ್ರನ್ನ ಕೇಳಿಟ್ಕೊಳ್ಳಿ.

ವಿಷ ಇರೋದು ಬೆನ್ನಿನ 13 ಮುಳ್ಳಲ್ಲಿ, ಹೊಟ್ಟೆ ಕಡೆ ರೆಕ್ಕೆಗಳ ಮುಳ್ಳಲ್ಲೂ ಇದೆ, ಅಗಲ ಪಕ್ಕದ ರೆಕ್ಕೇಲಿ ಇಲ್ಲ. ಬೆನ್ನು ನಿಮ್ ಕಡೆ ವಾಲಿಸ್ತು ಅಂದ್ರೆ ಕೈ ಹಿಂದಕ್ಕೆ ತಗೊಳ್ಳಿ. ಬಲೆ ಹಾಕಿದ್ರೆ ಮುಳ್ಳು ಸಿಕ್ಕೊಳುತ್ತೆ, ಪ್ಲಾಸ್ಟಿಕ್ ಡಬ್ಬೀಲೇ ಹಿಡೀರಿ. ಚುಚ್ಚಿದ್ರೆ ತಡ್ಕೊಳ್ಳೋಷ್ಟು ಬಿಸಿ ನೀರಲ್ಲಿ, 45 ಡಿಗ್ರಿ ಮೀರದ ಹಾಗೆ, ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಅದ್ದಿಡಿ, ಬಿಸಿಗೆ ವಿಷದ ಪ್ರೋಟೀನ್ ಕೆಡುತ್ತೆ. ಬೇರೆಯವ್ರ ಕೈಲಿ ನೀರಿನ ಬಿಸಿ ನೋಡ್ಸಿ, ನೋವಲ್ಲಿ ನಿಮ್ಗೆ ಸುಡೋದು ಗೊತ್ತಾಗಲ್ಲ. ಉಸಿರು ಕಟ್ಟೋದು, ತಲೆ ಸುತ್ತೋದು ಆದ್ರೆ ನೀರಿಗೂ ಕಾಯದೆ ನೇರ ಆಸ್ಪತ್ರೆ.