ಹರೆಯದ ನಾಯಿ ಸಪೂರ ಇದ್ದರೆ: ಬಟ್ಟಲು ತುಂಬಿಸುವ ಮೊದಲು ಮುಟ್ಟಿ ನೋಡಿ

ಎಂಟು ತಿಂಗಳಾದಾಗ ನಮ್ಮ ನಾಯಿ ಅಂದರೆ ನಾಲ್ಕು ಉದ್ದ ಕಾಲು, ಎರಡು ಕಿವಿ, ನಡುವೆ ಒಂದಿಷ್ಟು ಮೈ. ಮನೆಗೆ ಬಂದವರು ಕೇಳುತ್ತಿದ್ದದ್ದು ಒಂದೇ, ‘ಇದಕ್ಕೆ ಊಟ ಹಾಕಲ್ವಾ?’ ಮೂರನೆಯವರು ಕೇಳಿದ ಮೇಲೆ ನನಗೂ ಅಳುಕು ಶುರುವಾಯಿತು. ಬಟ್ಟಲು ತುಂಬಾ ಹಾಕಿದೆ. ಮೊಟ್ಟೆ ಸೇರಿಸಿದೆ. ಸಾಲದ್ದಕ್ಕೆ ಕ್ಯಾಲ್ಸಿಯಂ ಪುಡಿಯನ್ನೂ ಉದುರಿಸಿದೆ. ಹದಿನೈದು ದಿನ ಕಳೆದರೂ ನಾಯಿ ದಪ್ಪಗಾಗಲಿಲ್ಲ, ಭೇದಿ ಮಾತ್ರ ಹತ್ತಿಕೊಂಡಿತು. ಡಾಕ್ಟರು ಪಕ್ಕೆಯ ಮೇಲೆ ಒಂದು ಸಲ ಕೈಯಾಡಿಸಿ, ‘ಇದರ ಮೈ ಸರಿಯಾಗೇ ಇದೆ, ಮೊದಲು ಆ ಪುಡಿ ನಿಲ್ಲಿಸಿ’ ಎಂದರು.

ಆರು ತಿಂಗಳಿಂದ ಒಂದೂವರೆ ವರ್ಷದವರೆಗೆ ನಾಯಿಗೆ ಹರೆಯ. ದೊಡ್ಡ ತಳಿಗಳಲ್ಲಿ ಇದು ಎರಡು ವರ್ಷದವರೆಗೂ ಎಳೆಯುತ್ತದೆ. ಮೊದಲು ಕಾಲು ಉದ್ದವಾಗುತ್ತದೆ, ಎದೆ ಮತ್ತು ತೊಡೆ ತುಂಬಿಕೊಳ್ಳುವುದು ಆಮೇಲೆ. ಹಾಗಾಗಿ ಈ ವಯಸ್ಸಿನಲ್ಲಿ ಹೆಚ್ಚಿನ ನಾಯಿಗಳು ಸ್ವಲ್ಪ ಸಪೂರವಾಗಿಯೇ ಕಾಣುತ್ತವೆ. ಇದು ಕಾಯಿಲೆಯಲ್ಲ. ಆದರೆ ಕೆಲವು ಸಲ ಕಾಯಿಲೆಯೂ ಆಗಿರಬಹುದು. ಎರಡನ್ನೂ ಬೇರೆ ಮಾಡಿ ನೋಡುವುದು ಮೊದಲ ಕೆಲಸ.

ಕೈಯಿಂದ ನೋಡಿ

ಕಣ್ಣನ್ನು ನಂಬಬೇಡಿ. ಕೂದಲು ದಟ್ಟವಾಗಿದ್ದರೆ ಸೊರಗಿದ ನಾಯಿಯೂ ದುಂಡಗೆ ಕಾಣುತ್ತದೆ. ನಾಯಿಯನ್ನು ನಿಲ್ಲಿಸಿ, ಎರಡೂ ಕೈ ಅದರ ಪಕ್ಕೆಗಳ ಮೇಲಿಟ್ಟು, ಒತ್ತದೆ ಬೆರಳನ್ನು ಹಿಂದೆ ಮುಂದೆ ಆಡಿಸಿ. ಹೇಗಿದ್ದರೆ ಸರಿ ಎಂದು ತಿಳಿಯಲು ನಿಮ್ಮ ಕೈಯೇ ಅಳತೆಗೋಲು. ಒಂದು ಕೈಯನ್ನು ಅಂಗೈ ಕೆಳಗಾಗುವಂತೆ ಬಿಡಿಸಿ, ಅದರ ಹಿಂಬದಿಯನ್ನು ಬೆರಳುಗಳ ಬುಡದ ಹತ್ತಿರ ಸವರಿ ನೋಡಿ. ಎಲುಬು ಸುಲಭವಾಗಿ ಸಿಗುತ್ತದೆ, ಮೇಲೆ ತೆಳ್ಳಗೆ ಒಂದು ಪದರ ಇರುತ್ತದೆ. ಪಕ್ಕೆಲುಬು ಹೀಗಿದ್ದರೆ ನಾಯಿ ಸರಿಯಾಗಿದೆ. ಈಗ ಮುಷ್ಟಿ ಬಿಗಿದು ಗೆಣ್ಣುಗಳನ್ನು ಸವರಿ. ಹಾಗೆ ಎದ್ದೆದ್ದು ತಾಕಿದರೆ ತೀರಾ ಸೊರಗಿದೆ. ಅಂಗೈಯನ್ನು ಒತ್ತಿದಾಗಿನ ಹಾಗೆ ಮೆತ್ತಗಿದ್ದು ಎಲುಬನ್ನು ಹುಡುಕಬೇಕಾದರೆ ಕೊಬ್ಬು ಜಾಸ್ತಿಯಾಗಿದೆ.

ಆಮೇಲೆ ಮೇಲಿನಿಂದ ನೋಡಿ, ಪಕ್ಕೆಯ ಹಿಂದೆ ಸೊಂಟ ಸಣ್ಣಗಾಗಿರಬೇಕು. ಪಕ್ಕದಿಂದ ನೋಡಿದರೆ ಹೊಟ್ಟೆ ಎದೆಗಿಂತ ಸ್ವಲ್ಪ ಮೇಲಕ್ಕೆ ಎತ್ತಿಕೊಂಡಿರಬೇಕು. ಪಶುವೈದ್ಯರು ಇದಕ್ಕೆಲ್ಲ 1ರಿಂದ 9ರವರೆಗೆ ಅಂಕ ಕೊಡುತ್ತಾರೆ, 1 ಅಂದರೆ ತೀರಾ ಸೊರಗಿದ್ದು, 9 ಅಂದರೆ ತೀರಾ ದಪ್ಪ. 4 ಅಥವಾ 5 ಬಂದರೆ ಚೆನ್ನಾಗಿದೆ ಎಂದರ್ಥ. ಬೆಳೆಯುವ ನಾಯಿ 4ರಲ್ಲಿದ್ದರೆ ನಾನಂತೂ ಖುಷಿಪಡುತ್ತೇನೆ. ಬೆನ್ನುಮೂಳೆ, ಸೊಂಟದ ಎಲುಬುಗಳು ದೂರದಿಂದಲೇ ಎಣಿಸುವಂತಿದ್ದು, ತೊಡೆಯ ಮಾಂಸವೂ ಕರಗಿದ್ದರೆ ಅದು ಸಪೂರವಲ್ಲ, ಬಡಕಲು.

ಸಪೂರ ಮೈ ಒಳ್ಳೆಯದು ಎನ್ನಲು ಒಂದು ದೊಡ್ಡ ಸಾಕ್ಷಿಯೇ ಇದೆ. 48 ಲ್ಯಾಬ್ರಡಾರ್ ನಾಯಿಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ 25% ಕಡಿಮೆ ಊಟ ಹಾಕಿ, ಬದುಕಿದಷ್ಟು ಕಾಲವೂ ಗಮನಿಸಿದರು. 2002ರಲ್ಲಿ ಬಂದ ವರದಿಯ ಪ್ರಕಾರ ಕಡಿಮೆ ತಿಂದವು ಸುಮಾರು 1.8 ವರ್ಷ ಹೆಚ್ಚು ಬದುಕಿದವು. ಕೀಲುನೋವೂ ಅವಕ್ಕೆ ತಡವಾಗಿ ಬಂತು.

ಹೊಟ್ಟೆಯಲ್ಲಿ ಯಾರು ತಿನ್ನುತ್ತಿದ್ದಾರೆ?

ಚೆನ್ನಾಗಿ ತಿಂದೂ ಸೊರಗುತ್ತಿದ್ದರೆ ಊಟ ಹೆಚ್ಚಿಸುವುದು ದಂಡ. ಮೊದಲು ಮಲ ಪರೀಕ್ಷೆ ಮಾಡಿಸಿ. ದುಂಡುಹುಳು, ಕೊಕ್ಕೆಹುಳು, ಜಿಯಾರ್ಡಿಯಾ ಇವೆಲ್ಲ ಈ ವಯಸ್ಸಿನಲ್ಲಿ ಮಾಮೂಲು. ಹುಳುವಿನ ಔಷಧಿ ಕೊಟ್ಟಾಗಿದೆ ಎಂದು ಸುಮ್ನೆ ಕೂರಬೇಡಿ, ಜಿಯಾರ್ಡಿಯಾ ಹುಳುವೇ ಅಲ್ಲ, ಕರುಳಿನಲ್ಲಿ ಬೆಳೆಯುವ ಒಂದೇ ಕೋಶದ ಸೂಕ್ಷ್ಮಜೀವಿ, ಅದರ ಚಿಕಿತ್ಸೆ ಬೇರೆ. ಮಲ ರಾಶಿ ರಾಶಿ ಬಂದು, ಬಣ್ಣ ಮಾಸಲಾಗಿ, ಜಿಡ್ಡು ಜಿಡ್ಡಾಗಿದ್ದು, ನಾಯಿಗೆ ಎಷ್ಟು ತಿಂದರೂ ಹಸಿವು ತೀರದಿದ್ದರೆ ಮೇದೋಜೀರಕ ಗ್ರಂಥಿಯ ತೊಂದರೆ ಇರಬಹುದು. ಜರ್ಮನ್ ಶೆಫರ್ಡ್‌ಗಳಲ್ಲಿ ಇದು ಹೆಚ್ಚು.

ಎಷ್ಟು ಹಾಕಬೇಕು?

ಇದಕ್ಕೆ ಮೊಬೈಲ್‌ನ ಕ್ಯಾಲ್ಕುಲೇಟರ್ ಸಾಕು. ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ನಿಮ್ಮ ತೂಕ ಕಳೆದರೆ ಅದರ ತೂಕ ಸಿಗುತ್ತದೆ. 20 ಕೆ.ಜಿ. ಎಂದುಕೊಳ್ಳಿ. 20 × 20 × 20 ಎಂದು ಗುಣಿಸಿದರೆ 8000. ವರ್ಗಮೂಲದ ಗುಂಡಿಯನ್ನು ಎರಡು ಸಲ ಒತ್ತಿದರೆ 9.46. ಅದನ್ನು 70ರಿಂದ ಗುಣಿಸಿದರೆ ಸುಮಾರು 662 ಕಿಲೊಕ್ಯಾಲರಿ. ಸುಮ್ಮನೆ ಮಲಗಿದ್ದರೂ ನಾಯಿಗೆ ಇಷ್ಟು ಬೇಕು. ನಾಲ್ಕು ತಿಂಗಳು ದಾಟಿದ, ಇನ್ನೂ ಬೆಳೆಯುತ್ತಿರುವ ನಾಯಿಗೆ ಸುಮಾರು ಇದರ ಎರಡರಷ್ಟು, ಅಂದರೆ 1324. ಪೊಟ್ಟಣದ ಮೇಲೆ 100 ಗ್ರಾಂಗೆ 370 ಕಿಲೊಕ್ಯಾಲರಿ ಎಂದಿದ್ದರೆ ದಿನಕ್ಕೆ 360 ಗ್ರಾಂ ಹತ್ತಿರ ಆಯಿತು.

ಇದು ಶುರು ಮಾಡುವ ಅಳತೆ ಅಷ್ಟೇ. ಒಂದೇ ತೂಕದ ಎರಡು ನಾಯಿಗಳಲ್ಲಿ ಒಂದಕ್ಕೆ ಇದು ಸಾಲದು, ಇನ್ನೊಂದಕ್ಕೆ ಜಾಸ್ತಿಯಾಗುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಹಾಕಿ, ಕಪ್ಪಿನಲ್ಲಿ ಅಳೆದರೆ ದಿನಕ್ಕೊಂದು ಲೆಕ್ಕ ಬರುತ್ತದೆ. ಎರಡು ವಾರ ಬಿಟ್ಟು ಮತ್ತೆ ಪಕ್ಕೆ ಮುಟ್ಟಿ ನೋಡಿ. ಇನ್ನೂ ಗೆಣ್ಣಿನ ಹಾಗೆ ತಾಕುತ್ತಿದ್ದರೆ 10% ಹೆಚ್ಚಿಸಿ, ಒಂದೇ ಏಟಿಗೆ ಅರ್ಧ ಬಟ್ಟಲು ಏರಿಸಬೇಡಿ. ದಿನದ ಊಟವನ್ನು ಎರಡು ಹೊತ್ತಿಗೆ ಹಂಚಬಹುದು. ತಿನ್ನಲು ತಕರಾರು ಮಾಡುವ ಸಪೂರ ನಾಯಿಗೆ ಮೂರು ಹೊತ್ತು ಇನ್ನೂ ಒಳ್ಳೆಯದು. ಬಟ್ಟಲನ್ನು 15–20 ನಿಮಿಷ ಇಟ್ಟು ಎತ್ತಿಬಿಡಿ. ಬಿಸ್ಕತ್ತು, ಟ್ರೀಟ್ ಎಲ್ಲ ಸೇರಿ ದಿನದ ಕ್ಯಾಲರಿಯ ಹತ್ತನೇ ಒಂದು ಭಾಗ ದಾಟಬಾರದು.

ಯಾವ ಆಹಾರ? ‘ಬೆಳವಣಿಗೆಗೆ’ ಅಥವಾ ‘ಎಲ್ಲ ವಯಸ್ಸಿಗೆ’ ಸಂಪೂರ್ಣ ಆಹಾರ ಎಂದು ಬರೆದಿರಬೇಕು. ದೊಡ್ಡದಾದ ಮೇಲೆ 32 ಕೆ.ಜಿ. ದಾಟುವ ತಳಿಯಾದರೆ, ದೊಡ್ಡ ತಳಿಯ ಮರಿಗಳಿಗೂ ಹೊಂದುತ್ತದೆ ಎಂಬ ಮಾತು ಇದೆಯಾ ನೋಡಿ. ಆ ಆಹಾರದಲ್ಲಿ ಕ್ಯಾಲ್ಸಿಯಂಗೆ ಮೇಲಿನ ಮಿತಿ ಇರುತ್ತದೆ. ನಾನು ಉದುರಿಸಿದ ಪುಡಿಯ ತಪ್ಪೂ ಇದೇ. ಸಂಪೂರ್ಣ ಆಹಾರದಲ್ಲಿ ಕ್ಯಾಲ್ಸಿಯಂ ಬೇಕಾದಷ್ಟು ಇರುತ್ತದೆ. ಮೇಲಿಂದ ಇನ್ನಷ್ಟು ಸುರಿದರೆ ಎಲುಬು ಗಟ್ಟಿಯಾಗುವುದಿಲ್ಲ, ದೊಡ್ಡ ತಳಿಗಳಲ್ಲಿ ಎಲುಬು ಮತ್ತು ಕೀಲಿನ ಬೆಳವಣಿಗೆಯೇ ಕೆಡುತ್ತದೆ. ಇನ್ನು ಮನೆಯಲ್ಲೇ ಬೇಯಿಸಿ ಹಾಕುವವರ ಲೆಕ್ಕ ತಿರುಗುಮುರುಗು. ಬರೀ ಅನ್ನ, ಮಾಂಸದಲ್ಲಿ ಕ್ಯಾಲ್ಸಿಯಂ ಸಾಲುವುದೇ ಇಲ್ಲ. ಅಂಥವರು ಪಶುವೈದ್ಯರಿಂದ ಪಟ್ಟಿ ಬರೆಸಿಕೊಳ್ಳಬೇಕು, ಅಂದಾಜು ನಡೆಯುವುದಿಲ್ಲ.

ಆಹಾರ ಬದಲಿಸುವಾಗ 7ರಿಂದ 10 ದಿನ ತೆಗೆದುಕೊಳ್ಳಿ. ಹಳೆಯದರಲ್ಲಿ ಹೊಸದನ್ನು ಕಾಲು ಭಾಗದಿಂದ ಶುರು ಮಾಡಿ. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್, ಕ್ಸೈಲಿಟಾಲ್ (ಸಕ್ಕರೆಯ ಬದಲು ಬಳಸುವ ಪದಾರ್ಥ) ಹಾಕಿದ ಸಿಹಿ ಯಾವುದೂ ಬೇಡ. ಬೇಯಿಸಿದ ಮೂಳೆಯೂ ಬೇಡ, ಅದು ಚೂಪಾಗಿ ಸೀಳುತ್ತದೆ.

ಓಡಿಸುವುದಲ್ಲ, ನಡೆಸುವುದು

ಮೈ ತುಂಬಬೇಕಾದದ್ದು ಮಾಂಸದಿಂದ, ಕೊಬ್ಬಿನಿಂದಲ್ಲ. ಅದಕ್ಕೆ ಊಟದ ಜೊತೆ ಕೆಲಸವೂ ಬೇಕು. ಆದರೆ ಹರೆಯದ ನಾಯಿಯ ಉದ್ದ ಎಲುಬುಗಳ ತುದಿಯಲ್ಲಿ ಬೆಳವಣಿಗೆಯ ಮೆದು ಭಾಗ ಇನ್ನೂ ಇರುತ್ತದೆ. ಸಣ್ಣ ತಳಿಗಳಲ್ಲಿ ಇದು ಸಾಮಾನ್ಯವಾಗಿ ವರ್ಷದೊಳಗೆ ಗಟ್ಟಿಯಾಗುತ್ತದೆ. ದೊಡ್ಡವಕ್ಕೆ ಒಂದೂವರೆ ವರ್ಷ ಬೇಕಾಗಬಹುದು. ಅಲ್ಲಿಯವರೆಗೆ ಸೈಕಲ್ ಹಿಂದೆ ಓಡಿಸುವುದು, ಗಟ್ಟಿ ನೆಲದ ಮೇಲೆ ಮೈಲಿಗಟ್ಟಲೆ ಜಾಗಿಂಗ್, ಎತ್ತರಕ್ಕೆ ಎಗರಿ ಚೆಂಡು ಹಿಡಿಯುವ ಆಟ ಎಲ್ಲ ಮುಂದಕ್ಕೆ ಹಾಕಿ.

‘ತಿಂಗಳಿಗೆ ಐದು ನಿಮಿಷದಂತೆ ನಡೆಸಿ’ ಎಂಬ ಸೂತ್ರ ಎಲ್ಲರ ಬಾಯಲ್ಲೂ ಇದೆ. ಅಂದರೆ ಎಂಟು ತಿಂಗಳ ನಾಯಿಗೆ ಒಂದು ಸಲಕ್ಕೆ 40 ನಿಮಿಷ. ಇದಕ್ಕೆ ಗಟ್ಟಿ ಆಧಾರವೇನೂ ಇಲ್ಲ. ಲೀಶ್ ಹಿಡಿದು ಒಂದೇ ವೇಗದಲ್ಲಿ ಎಳೆದುಕೊಂಡು ಹೋಗುವವರಿಗೆ ಕಡಿವಾಣವಾಗಿ ಸರಿ, ಅಷ್ಟೇ. ನಾಯಿ ತನ್ನಿಷ್ಟಕ್ಕೆ ಮೂಸುತ್ತ, ನಿಲ್ಲುತ್ತ, ಮತ್ತೆ ಓಡುತ್ತ ಆಡುವುದಕ್ಕೆ ಗಡಿಯಾರ ಬೇಡ.

ತೊಡೆ ತುಂಬಲು ನನಗೆ ಕಂಡ ಹಾಗೆ ಏರುದಾರಿಯೇ ಒಳ್ಳೆಯದು. ನಿಧಾನ ಎನ್ನುವುದೇ ಗುಟ್ಟು. ಬೇಗ ಹತ್ತಿದರೆ ನಾಯಿ ಕುಪ್ಪಳಿಸಿಬಿಡುತ್ತದೆ, ಹಿಂಗಾಲು ಒಂದೊಂದಾಗಿ ಕೆಲಸ ಮಾಡುವುದಿಲ್ಲ. ನೀವು ಅದರ ಭುಜದ ಪಕ್ಕ ನಿಂತು, ಆಮೆಯ ಹಾಗೆ ಹೆಜ್ಜೆ ಇಡಿ. ಒಂದು ಹಿಂಗಾಲು ಊರಿ, ತೊಡೆ ಬಿಗಿದು, ಮೈಯನ್ನು ಮುಂದೆ ತಳ್ಳಿ, ಆಮೇಲೆ ಇನ್ನೊಂದು ಏಳುವುದು ಕಣ್ಣಿಗೇ ಕಾಣಬೇಕು. ಐದು ನಿಮಿಷದಿಂದ ಶುರು ಮಾಡಿ. ಮನೆಯಲ್ಲಾದರೆ ಜಾರದ ಚಾಪೆಯ ಮೇಲೆ ಕೂರಿಸಿ ಏಳಿಸುವುದನ್ನು ಐದಾರು ಸಲ ಮಾಡಿಸಿ. ಈಜು ಬಂದರೆ ಅದಂತೂ ಕೀಲಿಗೆ ಭಾರವಿಲ್ಲದ ವ್ಯಾಯಾಮ.

ಊಟದ ಹಿಂದೆ ಮುಂದೆ ಒಂದು ಗಂಟೆ ಜೋರು ಆಟ ಬೇಡ. ಆಳ ಎದೆಯ ದೊಡ್ಡ ನಾಯಿಗಳಿಗೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯವಿದೆ, ಗಬಗಬ ತಿನ್ನುವವಕ್ಕೆ ಇನ್ನೂ ಹೆಚ್ಚು. ಹೊಟ್ಟೆ ಬಿಗಿದು, ವಾಂತಿ ಬಾರದೆ ಓಕರಿಸುತ್ತಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಬಿಸಿಲಿನಲ್ಲಿ ಅಂಗೈ ಹಿಂಬದಿಯನ್ನು ರಸ್ತೆಗೆ ತಾಗಿಸಿ, ಏಳು ಎಣಿಸುವವರೆಗೆ ತಡೆಯಲಾಗದಿದ್ದರೆ ವಾಪಸ್ ಬನ್ನಿ.

ಕುಂಟುವುದು ಒಂದು ದಿನ ದಾಟಿದರೆ ಡಾಕ್ಟರಿಗೆ ತೋರಿಸಿ. ಈ ವಯಸ್ಸಿನ ದೊಡ್ಡ ನಾಯಿಗಳಲ್ಲಿ ಇವತ್ತು ಒಂದು ಕಾಲು, ಬರುವ ವಾರ ಇನ್ನೊಂದು ಕಾಲು ಎಂದು ಜಾಗ ಬದಲಿಸುವ ಎಲುಬುನೋವು ಬರುವುದುಂಟು. ಅದು ತಾನಾಗಿ ಹೋಗುತ್ತದೆ. ಆದರೆ ಅದೇ ಹೌದು ಎಂದು ಎಕ್ಸ್‌ರೇ ನೋಡದೆ ನಾವು ಹೇಳಲಾಗದು.

ನಮ್ಮ ನಾಯಿಗೆ ಎದೆ ತುಂಬಿದ್ದು 20ನೇ ತಿಂಗಳಲ್ಲಿ. ಸಂತಾನಹರಣ ಮಾಡಿಸಿದ್ದು ಅದೇ ಹೊತ್ತಿಗೆ. ಅದಾದ ಮೇಲೆ ಬೇಕಾಗುವ ಕ್ಯಾಲರಿ ಕಾಲು ಭಾಗದಷ್ಟು ಇಳಿಯುತ್ತದೆ. ಹಳೇ ಅಳತೆಯಲ್ಲೇ ಹಾಕುತ್ತಿದ್ದ ನನಗೆ ಒಂದು ಬೆಳಗ್ಗೆ ಪಕ್ಕೆಲುಬನ್ನು ಹುಡುಕಬೇಕಾಗಿ ಬಂತು. ಆವತ್ತೇ ತಕ್ಕಡಿ ಮತ್ತೆ ಹೊರಗೆ ತೆಗೆದೆ.